ಒಂಬತ್ತನೆಯ ಅಂಶ

ಜನವರಿ 11, ಸೋಮವಾರ

ಬೆಳಗಿನಿಂದ ಸಂಜೆಯವರೆಗೆ ಒಂದೇ ಪದದ ಮೇಲೆ ಕೂತೆವು. ‘ಮನೆಗಳನ್ನು ಮರಳಿಸುವುದು’ ಎಂದು ನಾನು. ‘ಮನೆಗಳ ಇತ್ಯರ್ಥ’ ಎಂದು ಆ ಮನುಷ್ಯ. ಕದ್ದ ಮಾಲನ್ನು ಯಾರಾದರೂ ಇತ್ಯರ್ಥ ಮಾಡುತ್ತಾರೆಯೇ? ವಾಪಸು ಕೊಡುತ್ತಾರೆ. ಹಾಗೆಂದೇ ಹೇಳಿದೆ. ಅವನು ಕನ್ನಡಕ ಒರೆಸಿಕೊಳ್ಳುತ್ತಾ ಇಸ್ತ್ರಿ ಹಾಕಿದಂಥ ಇಂಗ್ಲಿಷಿನಲ್ಲಿ, “ಮೇಡಂ, ಕಳ್ಳ ಅನ್ನೋ ಪದ ಕಾರ್ಯಸೂಚಿಯ ಯಾವ ಅಂಶದಲ್ಲಿ ಬರುತ್ತೆ?” ಎಂದ.

ವಸಂತ ಮುಗಿಯುವುದರೊಳಗೆ ದ್ವೀಪದ ಎರಡೂ ಕಡೆಯ ನಾಯಕರು ಒಂದು ಮೇಜಿಗೆ ಬರಬೇಕಂತೆ. ಬಂದು ಯಾವುದನ್ನು ಮೊದಲು ಮಾತಾಡಬೇಕು, ಯಾವುದನ್ನು ಆಮೇಲೆ ಎಂದು ಬರೆದುಕೊಡಲು ನಮ್ಮಿಬ್ಬರನ್ನು ಗಡಿ ನಡುವಿನ ಈ ಪಾಳುಬಿದ್ದ ವಿಮಾನ ನಿಲ್ದಾಣದ ತಗಡಿನ ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಗ್ರೀಕ್ ಮಾತಾಡುವ ದಕ್ಷಿಣದಿಂದ ನಾನು, ಟರ್ಕಿಷ್ ಮಾತಾಡುವ ಉತ್ತರದಿಂದ ಆ ಇಲ್ಕೆರ್ ಬೇ (ಬೇ ಎಂದರೆ ಅವರ ಮಾತಿನಲ್ಲಿ ಸಾಹೇಬ). ನಡುವೆ ವಿಶ್ವಸಂಸ್ಥೆಯ ಸೋರ್ಚಾ, ಐರ್ಲೆಂಡಿನವಳು. ಸಂಜೆ ಕೋಟು ಹಾಕಿಕೊಳ್ಳುತ್ತಾ ಅಂದಳು: “ನಮ್ಮ ದ್ವೀಪಾನೂ ಎರಡು ತುಂಡೇ. ನಿಮ್ಮದೇ ಮೊದಲನೇದು ಅಂತ ಬೀಗಬೇಡಿ.”

ಮೂವತ್ತು ವರ್ಷ ನಿರಾಶ್ರಿತರ ಜಮೀನಿನ ಮೊಕದ್ದಮೆ ನಡೆಸಿದವಳು ನಾನು. ಯಾವ ನ್ಯಾಯಾಧೀಶನ ಮುಂದೆಯೂ ಇಷ್ಟು ಹಲ್ಲು ಕಡಿದಿರಲಿಲ್ಲ.

ಜನವರಿ 24, ಭಾನುವಾರ

ಲಾಚಿಯಾದ ನಿರಾಶ್ರಿತರ ವಸತಿಗೆ ಹೋಗಿ ಅಮ್ಮನ ಜೊತೆ ಊಟ ಮಾಡಿದೆ. ಅಲಸಂದೆ ಕಾಳು, ಸೊಪ್ಪು, ಮೇಲೆ ಹಸಿ ಎಣ್ಣೆ. ‘ತಾತ್ಕಾಲಿಕ’ ಎಂದು ಕೊಟ್ಟ ಮನೆ ಅದು. ಯುದ್ಧದಲ್ಲಿ ಉತ್ತರದ ನಮ್ಮೂರು ಬಿಟ್ಟು ಓಡಿಬಂದಾಗ, ನನಗೆ ಹದಿಮೂರು ವರ್ಷವಿದ್ದಾಗ ಕೊಟ್ಟಿದ್ದು.

“ಯಾವುದು ಮೊದಲು ಇಟ್ಟಿದೀರ?” ಎಂದಳು.

ಹೇಳಿದೆ: ಭದ್ರತೆ, ಆಡಳಿತ, ಮನೆ-ಜಮೀನು, ಗಡಿ, ಹೀಗೆ ಎಂಟು ಅಂಶ.

“ಸತ್ತೋರು?”

“ಕಾಣೆಯಾದೋರಿಗೆ ಬೇರೆ ಸಮಿತಿ ಇದೆ ಅಮ್ಮ.”

“ಕಾಣೆಯಾದೋರ ಮಾತು ಯಾರು ಆಡಿದ್ರೇ? ನಿಮ್ಮಪ್ಪ ಎಲ್ಲೂ ಕಾಣೆಯಾಗಿಲ್ಲ. ನಮ್ಮೂರು ಕ್ಸೆರಾಕಿಯಲ್ಲಿ, ಚರ್ಚಿನ ಹಿಂದೆ, ನಾನು ಮಲಗಿಸಿದ ಜಾಗದಲ್ಲೇ ಮಲಗಿದಾನೆ. ಯುದ್ಧಕ್ಕೆ ಮುಂಚೇನೇ ಹೋದ, ಪುಣ್ಯವಂತ. ನಾನು ಸತ್ತರೆ ಎಲ್ಲಿ ಮಲಗಿಸ್ತೀಯ? ಅದನ್ನ ಬರೆದಿದೀಯಾ?”

“ಅದೆಲ್ಲ ದೊಡ್ಡ ಒಪ್ಪಂದ ಆದಮೇಲೆ ತಾನಾಗೇ...”

“ನಿನ್ನ ದೊಡ್ಡ ಒಪ್ಪಂದ ಆಗೋವರೆಗೆ ಉಸಿರು ಬಿಗಿಹಿಡ್ಕೊಂಡು ಕೂತಿರ್ಲಾ?” ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದಳು. ಊಟ ಮುಗಿದಿರಲಿಲ್ಲ.

ನನಗೂ ಕೋಪ ಬಂತು. ನಾನೇನು ಆಡುವುದಕ್ಕೆ ಹೋಗುತ್ತಿದ್ದೇನೆಯೇ ಅಲ್ಲಿಗೆ?

ಫೆಬ್ರವರಿ 9

ಇಟ್ಟೆ. ಅಮ್ಮನ ಬಾಯಿ ಮುಚ್ಚಿಸಲಿಕ್ಕೆಂದೇ ಇಟ್ಟೆ, ಅವನು ಬೇಡವೆನ್ನುತ್ತಾನೆ ಎಂಬ ಖಾತ್ರಿಯಿಂದಲೇ ಇಟ್ಟೆ. ಒಂಬತ್ತನೆಯ ಅಂಶ: ಸ್ಥಳಾಂತರಗೊಂಡವರು ತಾವು ಹುಟ್ಟಿದ ಊರಿನ ಸ್ಮಶಾನದಲ್ಲಿ ಹೂಳಿಸಿಕೊಳ್ಳುವ ಹಕ್ಕು.

ಅವನು ಓದಿದ. ಕನ್ನಡಕ ತೆಗೆದ. ಎದ್ದು ಹೊರಗೆ ಹೋದ. ಕಿಟಕಿಯಿಂದ ಕಾಣುತ್ತಿತ್ತು, ರನ್‌ವೇಯ ಬಿರುಕಿನಲ್ಲಿ ಬೆಳೆದ ಹುಲ್ಲಿನ ಮೇಲೆ ನಿಂತು ಸಿಗರೇಟು ಸೇದಿದ, ಅದು ಮುಗಿದ ಮೇಲೆ ಇನ್ನೊಂದು. ಬಂದು ಕೂತು, “‘ಎರಡೂ ಕಡೆ’ ಅಂತ ಸೇರಿಸಿ. ನನ್ನ ಅಭ್ಯಂತರ ಇಲ್ಲ,” ಎಂದ.

ಒಂದು ಪದಕ್ಕೆ ಒಂದು ವಾರ ತಿನ್ನುವ ಮನುಷ್ಯ ಇಡೀ ಅಂಶವನ್ನು ಎರಡು ಸಿಗರೇಟಿನಲ್ಲಿ ಒಪ್ಪಿದ! ಇದರಲ್ಲಿ ಏನೋ ಮಸಲತ್ತಿದೆ. ಮನೆಯ ಅಂಶದಲ್ಲಿ ಇದಕ್ಕೆ ಬದಲು ಏನೋ ಕೇಳುತ್ತಾನೆ, ನೋಡುತ್ತಿರಿ. ‘ನಾವು ಹೆಣ ಕೊಟ್ಟೆವು, ನೀವು ಮನೆ ಬಿಡಿ’ ಎನ್ನುತ್ತಾನೆ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಹೂಂ,” ಎಂದಳು. ಆಮೇಲೆ, “ಆ ಟರ್ಕಿಯವನ ಹೆಸರೇನಂದೆ?” ಎಂದಳು.

“ಟರ್ಕಿಯವನಲ್ಲ ಅಮ್ಮ, ಇಲ್ಲಿಯವನೇ. ನಮ್ಮ ದಕ್ಷಿಣದ ಪಾಫೋಸ್ ಕಡೆಯ ಕಲೊಮಿಲೊ ಅನ್ನೋ ಹಳ್ಳಿಯವನಂತೆ, ಯುದ್ಧದಲ್ಲಿ ಉತ್ತರಕ್ಕೆ ಹೋದೋನು.”

“ಹಂಗಾದ್ರೆ ಸರಿ. ಅವನಿಗೂ ಅಪ್ಪ ಇರ್ತಾನೆ.”

ಫೆಬ್ರವರಿ 25

ನಾನು ಹೇಳಿದ್ದೇ ಆಯಿತು. ನಮ್ಮ ಮುಖ್ಯ ಸಂಧಾನಕಾರ ಕ್ಲೆಯಾಂಥಿಸ್ ಕಚೇರಿಗೆ ಕರೆಸಿದರು. ಕರಡಿನಲ್ಲಿ ಎಂಟೇ ಅಂಶ.

“ಆ ಕಡೆಯವರು ಒಪ್ಪಲಿಲ್ಲ ಥೆಕ್ಲಾ ಅವರೇ. ಕೊನೇ ಗಳಿಗೆಯಲ್ಲಿ ತೆಗೆಸಿದರು.”

“ಇಲ್ಕೆರ್ ಬೇ ನನ್ನೆದುರೇ ಒಪ್ಪಿದ್ದಾರಲ್ಲ?”

“ಎದುರಿಗೆ ಎಲ್ಲರೂ ಒಪ್ತಾರೆ. ನಿಮಗೆ ಗೊತ್ತಿಲ್ವಾ ಅವರ ರೀತಿ? ಮೇಜಿನ ಮೇಲೆ ಆ ಮಾತು ಮತ್ತೆ ಎತ್ತಬೇಡಿ, ಉಳಿದದ್ದೂ ಕೆಟ್ಟುಹೋಗುತ್ತೆ.”

ಗೊತ್ತಿಲ್ಲವೇ ನನಗೆ! ಹೊರಗೆ ಬಂದು ಕಾರಿನ ಬಾಗಿಲು ಹಾಕಿಕೊಂಡ ರಭಸಕ್ಕೆ ಪಕ್ಕದಲ್ಲಿ ಕಿತ್ತಳೆ ಮಾರುತ್ತಿದ್ದವನು ಬೆಚ್ಚಿಬಿದ್ದ. ಹಲ್ಕಾ ಮನುಷ್ಯ. ಕನ್ನಡಕ ಒರೆಸುವ ಹಲ್ಕಾ ಮನುಷ್ಯ. ಹೊರಗೆ ನಿಂತು ಸಿಗರೇಟು ಸೇದುತ್ತಾ ನಾಟಕ ಆಡಿದನಲ್ಲ, ಅದು ಇನ್ನೂ ಉರಿಯುತ್ತಿದೆ.

ಮಾರ್ಚ್ 2

ಅವನಿಗೆ ‘ಶುಭೋದಯ’ ಹೇಳುವುದನ್ನು ಬಿಟ್ಟಿದ್ದೇನೆ. ಅವನೂ ಬಿಟ್ಟಿದ್ದಾನೆ. ತಪ್ಪು ಮಾಡಿದವನಿಗೆ ಸೊಕ್ಕು ಬೇರೆ.

ಅಮ್ಮನಿಗೆ ಎದೆಯಲ್ಲಿ ನೀರು ತುಂಬಿದೆಯಂತೆ. ಆಸ್ಪತ್ರೆಗೆ ಸೇರಿಸಿದೆ.

ಮಾರ್ಚ್ 6

ಒಂಬತ್ತನೆಯದು ಏನಾಯಿತೆಂದು ಅಮ್ಮ ಕೇಳಿದಳು. ಸುಳ್ಳು ಹೇಳಲಾಗಲಿಲ್ಲ.

“ತೆಗೆದುಹಾಕಿದರು ಅಮ್ಮ. ಅವರು ಒಪ್ಪಲಿಲ್ಲ.”

ಆಮ್ಲಜನಕದ ಕೊಳವೆಯನ್ನು ಮೂಗಿನಿಂದ ಸರಿಸಿ, “ಯಾಕೆ, ಅವರು ಸಾಯೋದೇ ಇಲ್ವಂತಾ?” ಎಂದಳು.

ನರ್ಸು ಬಂದು ಕೊಳವೆ ಸರಿಮಾಡಿ, ನನ್ನನ್ನೇ ಗದರಿದಳು.

ಮಾರ್ಚ್ 8

ಅಮ್ಮ ಇಲ್ಲ.

ಮಾರ್ಚ್ 10

ಹೂಳಿದ್ದಾಯಿತು. ಲಾಚಿಯಾದ ಹೊಸ ಸ್ಮಶಾನ. ಹೆದ್ದಾರಿಯ ಪಕ್ಕ. ಪಾದ್ರಿಯ ಮಾತು ಲಾರಿಗಳ ಸದ್ದಿನಲ್ಲಿ ಕೇಳಿಸಲಿಲ್ಲ. ಎಡಗಡೆ ಯಾರೋ ಲಾರ್ನಾಕಾದವರು, ಬಲಗಡೆ ಯಾರೋ ಬ್ಯಾಂಕಿನ ಮ್ಯಾನೇಜರು. ಅಮ್ಮನಿಗೆ ಪರಿಚಯವಿದ್ದ ಒಂದು ಹೆಸರೂ ಆ ಸಾಲಿನಲ್ಲಿಲ್ಲ.

ಗೋಧಿಯ ಪ್ರಸಾದ ಹಂಚಿ ಹೊರಗೆ ಬರುವಾಗ ನೋಡುತ್ತೇನೆ, ಗೇಟಿನ ಆಚೆ ಅವನು! ಕಪ್ಪು ಕೋಟು ಹಾಕಿಕೊಂಡು ಕಾರಿಗೆ ಒರಗಿ ನಿಂತಿದ್ದಾನೆ. ಒಳಗೆ ಬರಲಿಲ್ಲ. ನಾನು ನೋಡಿದ್ದನ್ನು ನೋಡಿ ತಲೆ ಬಾಗಿಸಿ ಹೊರಟುಹೋದ.

ಎಷ್ಟು ಧೈರ್ಯ! ನಮ್ಮಮ್ಮನ ಜಾಗ ಕಿತ್ತುಕೊಂಡವನೇ ಅವಳನ್ನು ಎಲ್ಲಿ ಹೂಳಿದರು ಎಂದು ನೋಡಲು ಬಂದನೇ? ಪೊಲೀಸಿನವನ ಹಾಗೆ ಗೇಟಿನಲ್ಲಿ ನಿಲ್ಲುವುದಕ್ಕೆ ಗಡಿ ದಾಟಿ ಬರಬೇಕಿತ್ತೇ? ಒಳಗೆ ಬಂದಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಬರಬೇಕಿತ್ತು.

ಮಾರ್ಚ್ 21, ಸೋಮವಾರ

ಇದನ್ನು ಪೂರ್ತಿ ಬರೆಯಬೇಕು.

ಬೆಳಗ್ಗೆ ತಗಡಿನ ಕೋಣೆಗೆ ಹೋದೆ. ಸೋರ್ಚಾ ಎದ್ದು ಬಂದು ತಬ್ಬಿಕೊಂಡಳು. ಅವನು ಎದ್ದು ನಿಂತ. ನಾನು ಅವನ ಕಡೆ ನೋಡದೆ ಕೂತೆ. ಸೋರ್ಚಾ ಎಂಟು ಅಂಶಗಳ ಹಾಳೆ ಇಟ್ಟು, ಮೆಲ್ಲಗೆ, “ಇದೊಂದು ಹೇಳಿಬಿಡ್ತೀನಿ. ಒಂಬತ್ತನೇದನ್ನ ಎರಡೂ ಕಡೆಯವರು ವಾಪಸು ತಗೊಂಡಿದ್ದು ನನಗೆ ಬೇಜಾರಾಯ್ತು,” ಎಂದಳು.

“ಎರಡೂ ಕಡೆಯವರಲ್ಲ. ಈ ಮಹಾಶಯರು,” ಎಂದೆ ಇಂಗ್ಲಿಷಿನಲ್ಲಿ.

ಆಗ ನಡೆದದ್ದು ನಾನು ಕನಸಿನಲ್ಲೂ ಎಣಿಸದ್ದು. ಅವನು ಮೇಜು ಗುದ್ದಿದ. ಸೋರ್ಚಾಳ ಚಹಾ ಚೆಲ್ಲಿತು. ಬಾಯಿಂದ ಬಂದದ್ದು ಇಂಗ್ಲಿಷಲ್ಲ, ಗ್ರೀಕ್! ಅದೂ ಪಾಫೋಸ್ ಗುಡ್ಡದ ಕುರಿ ಕಾಯುವವರ ಗ್ರೀಕ್, ಅಮ್ಮ ಕೇಳಿದ್ದರೆ ನಕ್ಕುಬಿಡುವಂಥದ್ದು.

“ಯಾರಮ್ಮಾ ತೆಗ್ದಿದ್ದು? ನಾನಾ? ನಾನ್ಯಾಕ್ ತೆಗೀಲಿ? ತೆಗ್ದೋರು ನಿಮ್ಮೋರು! ‘ಆ ಯಮ್ಮ ಮನಸು ಬದಲಾಯಿಸ್ಬಿಟ್ಲು, ಮಾತೆತ್ಬೇಡ’ ಅಂತ ನಮ್ಮ ದೊಡ್ಡ ಸಾಹೇಬ ಹೇಳ್ದ. ಇಷ್ಟು ದಿನ ಬಾಯ್ಗೆ ಬೀಗ ಹಾಕ್ಕೊಂಡು ಕೂತಿದೀನಿ. ನಮ್ಮಪ್ಪನ ಗೋರಿ ಐತೆ ಅಲ್ಲಿ, ಕಲೊಮಿಲೊದಲ್ಲಿ! ನಾನ್ಯಾಕ್ ತೆಗೀಲಿ ಹೇಳು!”

“ನಿನಗೆ ಗ್ರೀಕ್ ಬರುತ್ತಾ?” ಮೊದಲು ಬಾಯಿಗೆ ಬಂದದ್ದು ಇದು.

“ಊರು ಬಿಡೋವರೆಗೆ ಹನ್ನೆರಡು ವರ್ಷ ಬೇರೇನು ಮಾತಾಡಿದ್ದೆ ನಾನು?”

“ಮತ್ತೆ ಇಷ್ಟು ದಿನ ಆ ಇಂಗ್ಲಿಷು?”

“ನಿನ್ನ ಇಂಗ್ಲಿಷ್ ನಂದಕ್ಕಿಂತ ಕೆಟ್ಟದಾಗೈತೆ. ಅದಕ್ಕೇ.”

ಸೋರ್ಚಾ ನಮ್ಮಿಬ್ಬರ ಮುಖ ನೋಡುತ್ತಾ, ಏನಾಗುತ್ತಿದೆ ಯಾರಾದರೂ ಹೇಳಿ ಎಂದು ಅಂಗಲಾಚಿದಳು. ನಾನು ಹೇಳಿದೆ: “ನಮ್ಮವರು ಅವನಿಗೆ... ಅಲ್ಲ, ನಮ್ಮವರು ನನಗೆ ಅವನು ತೆಗೆಸಿದ ಅಂದರು. ಅವನವರು ಅವನಿಗೆ ನಾನು ತೆಗೆಸಿದೆ ಅಂದರು.”

ಇಬ್ಬರ ದೊಡ್ಡವರಿಗೂ ಈ ಅಂಶ ಬೇಡವಾಗಿತ್ತು. ಅಲ್ಲಿ ಹೂಳಬೇಕೆಂದರೆ ಅಲ್ಲಿಯ ಕಚೇರಿಯ ಅನುಮತಿ ಬೇಕು. ಅನುಮತಿ ಕೇಳಿದರೆ ಆ ಕಚೇರಿಯೂ ಅದರ ಸರ್ಕಾರವೂ ಇದೆ ಎಂದು ಒಪ್ಪಿದ ಹಾಗೆ, ಅದನ್ನು ಇಬ್ಬರೂ ಒಪ್ಪುವವರಲ್ಲ. ಒಂದು ಹೆಣಕ್ಕಾಗಿ ಆ ತಲೆನೋವು ಯಾರಿಗೆ ಬೇಕು?

ಅಮ್ಮನಿಗೆ ನಾನು ಹೇಳಿದ್ದು ಸುಳ್ಳಾಯಿತು. ಅವಳು ಅದನ್ನೇ ನಂಬಿಕೊಂಡು ಹೋದಳು. ಕ್ಲೆಯಾಂಥಿಸ್, ನಿಮ್ಮನ್ನು ನಾನು ಬಿಡುವುದಿಲ್ಲ.

ಮಾರ್ಚ್ 22

ಕ್ಲೆಯಾಂಥಿಸ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಸಂಧಾನ ಅಂದ್ರೆ ಹೀಗೇ ಥೆಕ್ಲಾ ಅವರೇ. ದೊಡ್ಡದು ಉಳಿಬೇಕು ಅಂದ್ರೆ ಚಿಕ್ಕದು ಬಿಡಬೇಕು. ಆಮೇಲೆ... ಬೇಜಾರು ಮಾಡ್ಕೋಬೇಡಿ, ನಿಮಗೂ ಈಗ ಅದರ ತುರ್ತು ಇಲ್ಲವಲ್ಲ.”

ಅವರ ಮೇಜಿನ ಮೇಲೆ ಬಾದಾಮಿ ಹೂವಿನ ಹೂದಾನಿ ಇತ್ತು. ಎತ್ತಿ ಎಸೆಯದೆ ಬಂದದ್ದು ಹೇಗೆಂದು ನನಗೇ ತಿಳಿಯದು.

“ನನ್ನ ಸಹಿ ಇಲ್ಲದೆ ನಿಮ್ಮ ದೊಡ್ಡದು ಹೇಗೆ ಮೇಜಿಗೆ ಬರುತ್ತೋ ನೋಡೋಣ,” ಎಂದಷ್ಟೇ ಹೇಳಿದೆ.

ಏಪ್ರಿಲ್ 1

ಇಲ್ಕೆರ್‌ನಷ್ಟು ಮೊಂಡನನ್ನು ನಾನು ನೋಡಿಲ್ಲ. ರಾಜೀನಾಮೆ ಕೊಟ್ಟು ಪತ್ರಿಕೆಯವರ ಮುಂದೆ ಹೋಗೋಣ ಎಂದು ನಾನು. ಮೊದಲು ಸಹಿ ನಿಲ್ಲಿಸೋಣ, ಹೆದರಲಿ, ಆಮೇಲೆ ರಾಜೀನಾಮೆ ಎಂದು ಅವನು. ನನ್ನ ಕಾಫಿ ಆರುವವರೆಗೆ ಜಗಳವಾಡಿದೆವು. ಸೋರ್ಚಾ, “ನಿಮ್ಮಿಬ್ಬರದೂ ಒಂದೇ ಪಕ್ಷ ಆದಮೇಲೂ ಹೀಗೇನಾ?” ಎಂದಳು.

“ಯಾರು ಇವನ ಪಕ್ಷ?” ಎಂದೆ.

ಕೊನೆಗೆ ಅವನ ದಾರಿಯೇ ಆಯಿತು. ನಾನು ಒಪ್ಪಿದ್ದಲ್ಲ, ದಣಿದದ್ದು. ಕಾರ್ಯಸೂಚಿಯ ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಬೇಕು. ಹಾಕುವುದಿಲ್ಲ ಎಂದು ಒಂದೇ ವಾಕ್ಯ ಬರೆದು ಇಬ್ಬರೂ ಅವರವರ ಕಡೆ ಕಳಿಸಿದೆವು. ಆ ವಾಕ್ಯದಲ್ಲೂ ಒಂದು ಅಲ್ಪವಿರಾಮಕ್ಕೆ ತಕರಾರು ತೆಗೆದ.

ಹೊರಡುವಾಗ ಕೇಳಿದೆ: “ಆವತ್ತು ಗೇಟಿನ ಹತ್ತಿರ ಯಾಕೆ ನಿಂತಿದ್ದೆ? ಒಳಗೆ ಬರಬಾರದಿತ್ತಾ?”

“ನೀನೇ ತೆಗೆಸಿದ್ದು ಅಂತಾನೇ ತಿಳಿದಿದ್ದೆ ಆಗ. ಕೋಪ ಇತ್ತು.”

“ಮತ್ತೆ ಬಂದಿದ್ಯಾಕೆ?”

“ಕೋಪ ಇದ್ರೆ ಸಾವಿಗೆ ಹೋಗ್ಬಾರ್ದಾ?”

ಏಪ್ರಿಲ್ 6

ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಕ್ಲೆಯಾಂಥಿಸ್ ಮೊದಲು ಬೆಣ್ಣೆ ಹಚ್ಚಿದರು, ಆಮೇಲೆ ದೇಶದ್ರೋಹ ಎಂದರು. “ಆ ಕಡೆಯವನ ಜೊತೆ ಸೇರ್ಕೊಂಡು ನಮ್ಮ ಕೈ ತಿರುಚ್ತಿದೀರಿ,” ಎಂದರು.

“ಸುಳ್ಳು ಹೇಳೋದರಲ್ಲಿ ನೀವೂ ಆ ಕಡೆಯವರೂ ನಮಗಿಂತ ಮೊದಲೇ ಒಂದಾಗಿದ್ರಿ,” ಎಂದೆ.

ಇಲ್ಕೆರ್ ಕಥೆ ಇದಕ್ಕಿಂತ ಕಷ್ಟ. ಅವನ ಕೆಲಸದ ಕಾರು ಕಿತ್ತುಕೊಂಡರಂತೆ. ಇವತ್ತು ಟ್ಯಾಕ್ಸಿಯಲ್ಲಿ ಬಂದ. ಯಾರು ಕಾರು ಕಿತ್ತುಕೊಳ್ಳುವವರು? ಇದೇನು ಶಾಲೆಯೇ, ತುಂಟ ಹುಡುಗರ ಚೆಂಡು ಕಿತ್ತುಕೊಳ್ಳಲು? ನಮ್ಮ ಕಡೆಯ ನೀಚತನ ನನಗೆ ಗೊತ್ತಿತ್ತು, ಅವರದು ಅದಕ್ಕಿಂತ ಸಣ್ಣದು.

ಏಪ್ರಿಲ್ 19

ಮಣಿದರು. ವಿದೇಶದಿಂದ ಮಧ್ಯಸ್ಥಗಾರರು ಬಂದಿಳಿಯುವ ದಿನ ಹತ್ತಿರವಾಯಿತು, ಕಾರ್ಯಸೂಚಿ ಇಲ್ಲವೆಂದರೆ ಮಾನ ಹೋಗುತ್ತದೆ. ಒಂಬತ್ತನೆಯ ಅಂಶ ಉಳಿಯಿತು. ‘ಮೃತರಿಗೆ ಸಂಬಂಧಿಸಿದ ಇತರ ವಿಷಯಗಳು’ ಎಂದು ತೇಲಿಸಲು ನೋಡಿದರು. ‘ಹುಟ್ಟಿದ ಊರಿನ’ ಎಂಬ ಎರಡು ಪದಗಳನ್ನು ಇಲ್ಕೆರ್ ಬಿಡಲಿಲ್ಲ. ‘ಹಕ್ಕು’ ಎಂಬುದನ್ನು ನಾನು ಬಿಡಲಿಲ್ಲ. ಸಹಿ ಹಾಕಿದೆವು. ಸೋರ್ಚಾ ಬಿಸ್ಕತ್ತಿನ ಹೊಸ ಡಬ್ಬಿ ತೆಗೆದಳು.

ಸಂತೋಷವಾಗಬೇಕಿತ್ತು. ಅಮ್ಮನ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು ಎರಡು ದಿನವಾಯಿತು. ಯಾರಿಗೆ ಫೋನ್ ಮಾಡಿ ಹೇಳಲಿ?

ಆಫ್ರಿಕಾದಿಂದ ಧೂಳು ಬಂದಿದೆ. ಊರೆಲ್ಲ ಹಳದಿ. ಕೆಮ್ಮು.

ಮೇ 10, ಮಂಗಳವಾರ

ನಾಯಕರು ಬಂದರು, ಕೈ ಕುಲುಕಿದರು, ಕ್ಯಾಮರಾಗಳ ಮುಂದೆ ಆಲಿವ್ ಗಿಡ ನೆಟ್ಟರು. ಒಂಬತ್ತು ಅಂಶಗಳನ್ನು ಗಟ್ಟಿಯಾಗಿ ಓದಲಾಯಿತು. ಕೊನೆಯದನ್ನು ಓದುವಾಗ ನಾನು ಇಲ್ಕೆರ್ ಕಡೆ ನೋಡಿದೆ. ಅವನು ಕನ್ನಡಕ ಒರೆಸುತ್ತಿದ್ದ.

ಆಮೇಲೆ ಮೊದಲನೆಯ ಅಂಶಕ್ಕೆ ಕೂತರು. ಭದ್ರತೆ. ಯಾರ ಸೈನ್ಯ, ಯಾರ ಖಾತರಿ. ಮಧ್ಯಾಹ್ನದ ಊಟದೊಳಗೆ ಒಬ್ಬರು ಎದ್ದುಹೋದರು. ಇನ್ನೊಬ್ಬರು, ತಾವೇ ಮೊದಲು ಎದ್ದುಹೋಗಬೇಕೆಂದಿದ್ದುದಾಗಿ ಪತ್ರಿಕೆಯವರಿಗೆ ಹೇಳಿದರು. ಬೇಯಿಸಿದ ಮಾಂಸ ಬೆಳ್ಳಿ ತಟ್ಟೆಗಳಲ್ಲಿ ಹಾಗೇ ಇತ್ತು.

ಮುಗಿಯಿತು. ಇಷ್ಟು ತಿಂಗಳು, ಇಷ್ಟು ಜಗಳ, ಒಂದು ಊಟದ ಹೊತ್ತಿಗೆ. ಸಂಜೆ ಟಿವಿಯಲ್ಲಿ ಕ್ಲೆಯಾಂಥಿಸ್, ಎದುರು ಪಕ್ಷದ ಹಟಮಾರಿತನ ಎಂದರು. ಆ ಕಡೆಯ ಟಿವಿಯಲ್ಲೂ ಇದೇ ಪದವಂತೆ, ಇಲ್ಕೆರ್ ಫೋನ್ ಮಾಡಿ ಹೇಳಿದ. “ಒಬ್ಬನೇ ಬರೆದುಕೊಟ್ಟಿರ್ಬೇಕು ಇಬ್ರಿಗೂ,” ಎಂದ. ನನಗೆ ನಗು ಬರಲಿಲ್ಲ. ದಿಂಬಿನ ಮೇಲೆ ಗುದ್ದಿದೆ, ಕೈ ನೋಯುವವರೆಗೆ.

ಮೇ 17

‘ನಿಮ್ಮ ಅಮೂಲ್ಯ ಸೇವೆಗೆ ಧನ್ಯವಾದ.’ ಸಮಿತಿ ಬರಖಾಸ್ತು. ತಗಡಿನ ಕೋಣೆಯ ಬೀಗದ ಕೈ ಹಿಂದಿರುಗಿಸಿ ಬಂದೆ.

ಮೇ 26

ಇಲ್ಕೆರ್ ಫೋನು.

“ಶನಿವಾರ ಬಿಡುವೈತಾ?”

“ಇನ್ನು ಮೇಲೆ ಎಲ್ಲಾ ದಿನವೂ ಬಿಡುವೇ. ಯಾಕೆ?”

“ಅವರು ಒಂದನೇದರಿಂದ ಶುರು ಮಾಡಿದ್ರಲ್ಲ, ಕೆಟ್ಟೋಯ್ತು. ನಾವು ಒಂಬತ್ತನೇದರಿಂದ ಮಾಡೋಣ. ಕ್ಸೆರಾಕಿಗೆ ಹೋಗಿಬರೋಣ. ಹಾರೆ-ಕುಡುಗೋಲು ನಾನು ತರ್ತೀನಿ.”

ನಾನು ಇದುವರೆಗೂ ಹೋಗಿಲ್ಲ. ಗಡಿ ತೆರೆದ ಮೇಲೆ ಎಲ್ಲರೂ ಹೋಗಿಬಂದರು, ನಾನು ಹೋಗಲಿಲ್ಲ. ನನ್ನೂರಿಗೆ ನಾನು ಗುರುತಿನ ಚೀಟಿ ತೋರಿಸಿ ಹೋಗಬೇಕೇ?

“ಯೋಚನೆ ಮಾಡ್ತೀನಿ,” ಎಂದೆ.

“ಮಾಡು. ಏಳು ಗಂಟೆಗೆ ಗಡಿ ಹತ್ರ ಇರ್ತೀನಿ.”

ಮೇ 28, ಶನಿವಾರ

ಏಳು ಗಂಟೆ ಎಂದವನು ಎಂಟಕ್ಕೆ ಬಂದ. ತಮ್ಮನ ಹಳೆಯ ವ್ಯಾನು, ತುಂಬಾ ಮೇಕೆಯ ವಾಸನೆ.

ಊರಿನ ಬಗ್ಗೆ ಬರೆಯಲಾರೆ. ಸ್ಮಶಾನದ ಬಗ್ಗೆ ಬರೆಯುತ್ತೇನೆ. ಒಂದು ಶಿಲುಬೆಯೂ ನೆಟ್ಟಗಿರಲಿಲ್ಲ. ಸುತ್ತಿಗೆಯಿಂದ ಒಡೆದಿದ್ದಾರೆ. ಕಲ್ಲುಗಳ ಮೇಲೆ ಎದೆಮಟ್ಟ ಒಣಹುಲ್ಲು, ಮೂಲೆಯಲ್ಲಿ ಮೂರು ಮೇಕೆ ಕಟ್ಟಿಹಾಕಿದ್ದರು. ಅಲ್ಲೇ ನಿಂತು ಕಿರುಚಿದೆ. ಯಾರಿಗೆ? ಎದುರಿಗಿದ್ದವನು ಇಲ್ಕೆರ್, ಅವನಿಗೇ. ಪಶುಗಳು ಎಂದೆ. ಸತ್ತವರ ಮೇಲೆ ಕೈಮಾಡುವ ಜನ ಎಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ.

ಅವನು ಕ್ಷಮೆ ಕೇಳಲಿಲ್ಲ. ‘ನಿಮ್ಮವರೂ ಹೀಗೇ ಮಾಡಿದರು’ ಎನ್ನಲಿಲ್ಲ. ಹುಲ್ಲು ಕೊಯ್ಯುತ್ತಾ ಇದ್ದ. ನನ್ನ ಗಂಟಲು ಕಟ್ಟಿದ ಮೇಲೆ, “ಕೂಗೋದು ಮುಗೀತಾ? ಈ ಕಲ್ಲಿನ ಆ ಕಡೆ ಹಿಡಿ,” ಎಂದ.

ಹಿಡಿದೆ. ಅದು ಅಪ್ಪನದಲ್ಲ, ನಮ್ಮ ಶಾಲೆಯ ಮೇಷ್ಟರದು. ಎತ್ತಿ ನಿಲ್ಲಿಸಿದೆವು. ಹೀಗೇ ಒಂದೊಂದಾಗಿ.

ಬಿಸಿಲು ಏರಿದಾಗ ತಲೆಗೆ ಬಿಳಿ ಬಟ್ಟೆ ಕಟ್ಟಿದ ಮುದುಕಿಯೊಬ್ಬಳು ಕೋಲು ಊರಿಕೊಂಡು ಬಂದಳು. ಇಲ್ಕೆರ್ ಜೊತೆ ಟರ್ಕಿಷ್‌ನಲ್ಲಿ ಜೋರಾಗಿ ಏನೋ ಅಂದಳು. ಆಮೇಲೆ ನನ್ನ ಕಡೆ ತಿರುಗಿ, ಅವನದೇ ಪಾಫೋಸ್ ಗ್ರೀಕಿನಲ್ಲಿ:

“ಒಡೆದೋರು ನಾವಲ್ಲಮ್ಮ. ನಾವು ಪಾಫೋಸ್ ಬಿಟ್ಟು ಇಲ್ಲಿಗೆ ಬರೋ ಹೊತ್ಗೇ ಹಿಂಗಿತ್ತು. ಆದ್ರೆ ಮೇಕೆ ನಂದೇ. ನಿಮ್ಮೋರು ಯಾರೂ ಬರ್ಲಿಲ್ವಲ್ಲ ಅಂತ ಕಟ್ಟಿದ್ದೆ.”

“ಈಗ ಬಂದಿದೀನಿ. ಬಿಚ್ಚಿ,” ಎಂದೆ.

“ಬಿಚ್ತೀನಿ, ಬಿಚ್ತೀನಿ. ಏನ್ ಬಾಯಿ ಇವಳದು!” ಗೊಣಗುತ್ತಲೇ ಬಿಚ್ಚಿದಳು. ಕೊನೆಯ ಮೇಕೆ ಎದ್ದ ಜಾಗದಲ್ಲಿ, ಹಿಕ್ಕೆ-ಮಣ್ಣಿನ ಕೆಳಗೆ, ಅಪ್ಪನ ಹೆಸರಿನ ಅರ್ಧ ಕಲ್ಲು ಸಿಕ್ಕಿತು. ಕೈಯಿಂದಲೇ ಒರೆಸಿದೆ. ಉಳಿದರ್ಧ ಸಿಗಲಿಲ್ಲ. ಪಕ್ಕದಲ್ಲಿ ಒಬ್ಬರಿಗೆ ಜಾಗ ಖಾಲಿ ಇದೆ. ಕೆಲವು ವರ್ಷಗಳಾದ ಮೇಲೆ ಮೂಳೆಗಳನ್ನು ತೆಗೆದು ಸ್ಥಳ ಬದಲಿಸುವ ಪದ್ಧತಿ ನಮ್ಮಲ್ಲಿದೆ. ಯಾರ ಅನುಮತಿ ಬೇಕೋ ಆಮೇಲೆ ನೋಡೋಣ. ಜಗಳವಾಡುವುದು ನನಗೆ ಬರುತ್ತದೆ.

ಬರುವ ಶನಿವಾರ ಕಲೊಮಿಲೊ, ಅವನಪ್ಪನದು. ಗಡಿ ತೆರೆದ ವರ್ಷ ಹೋಗಿ ನೋಡಿಬಂದಿದ್ದಾನಂತೆ. ಗೋರಿಗಳ ಮೇಲೆ ನಮ್ಮವರು ಕಸ ಸುರಿದಿದ್ದರಂತೆ. ಅದನ್ನು ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಎಂದರೆ, “ಕೇಳಿದ್ಯಾ?” ಎಂದ. ಅಲ್ಲಿಯ ಊರಿನವರು ಏನಾದರೂ ಅಡ್ಡಿ ಮಾಡಿದರೆ ನನ್ನ ಬಾಯಿ ಏನೆಂದು ಅವರಿಗೂ ತಿಳಿಯಲಿ. ದಾರಿ ತನಗೆ ಗೊತ್ತು ಎನ್ನುತ್ತಾನೆ. ಏನೂ ಗೊತ್ತಿಲ್ಲ ಅವನಿಗೆ, ಹೊಸ ರಸ್ತೆಯಲ್ಲಿ ಖಂಡಿತ ತಪ್ಪಿಸಿಕೊಳ್ಳುತ್ತಾನೆ. ಆ ವ್ಯಾನಿನಲ್ಲಂತೂ ನಾನು ಮತ್ತೆ ಕೂರುವವಳಲ್ಲ. ಕಾರು ನಾನೇ ಓಡಿಸುತ್ತೇನೆ, ಏಳು ಎಂದರೆ ಏಳಕ್ಕೆ.